ನೆಲದ ಬೆಳ್ಳಿ, ಕೈಯ ಬೆಳ್ಳಿ: ಮೆಕ್ಸಿಕೋದ ತಾಸ್ಕೊ ಒಡವೆಗಳ ಕಥೆ

ಹಳೆಯ ಮೆಕ್ಸಿಕನ್ ಬೆಳ್ಳಿ ಕಡಗ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಅದರ ಒಳಮೈ. ಹೊರಗೆ ಹಾವೋ, ಸೂರ್ಯನೋ, ಬಾಯಿ ತೆರೆದ ಜಾಗ್ವಾರೋ ಇರುತ್ತದೆ. ಅದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಒಳಮೈಯಲ್ಲಿ ಕಡಲೆಬೇಳೆಯಷ್ಟು ಜಾಗದಲ್ಲಿ ಕೆಲವು ಮುದ್ರೆಗಳಿರುತ್ತವೆ. 925 ಅಥವಾ 980 ಎಂಬ ಅಂಕಿ, ತಾಸ್ಕೊ ಎಂಬ ಊರಿನ ಹೆಸರು, ಒಂದು ಹದ್ದು, ಇಲ್ಲವೇ ಎರಡು ಅಕ್ಷರದ ಪಕ್ಕ ಒಂದು ಸಂಖ್ಯೆ. ಅಷ್ಟನ್ನು ಓದಲು ಬಂದರೆ ಕಡಗ ಯಾವ ಕಾಲದ್ದು, ಯಾವ ಊರಿನದು ಅಂತ ಗೊತ್ತಾಗುತ್ತದೆ. ಕೆಲವೊಮ್ಮೆ ಯಾರ ಕೈಕೆಲಸ ಅನ್ನುವುದೂ ಗೊತ್ತಾಗುತ್ತದೆ.

ಹೊರಗಿನ ಚಿತ್ರ ನೋಡಿ ಇದು ಸಾವಿರ ವರ್ಷದ ಹಳೇ ಕಲೆ ಅಂದುಕೊಳ್ಳುವುದು ಸಹಜ. ಅದರಲ್ಲಿ ಅರ್ಧ ನಿಜ ಇದೆ. ಚಿತ್ರಗಳು ಹಳೆಯವು, ಬೆಳ್ಳಿಯೂ ಹಳೆಯದು. ಆದರೆ ತಾಸ್ಕೊದ ಒಡವೆ ಕಸುಬು ಈಗಿನ ರೂಪ ಪಡೆದದ್ದು 1931ರ ನಂತರ. ಅದಕ್ಕೂ ಮೊದಲು ಸುಮಾರು ನಾನೂರು ವರ್ಷ ಆ ಊರಿನ ಬೆಟ್ಟಗಳಿಂದ ಬೆಳ್ಳಿ ಹೊರಗೆ ಹೋಗುತ್ತಲೇ ಇತ್ತು. ಊರಲ್ಲಿ ಮಾತ್ರ ಹೇಳಿಕೊಳ್ಳುವಂಥ ಒಡವೆ ಕೆಲಸ ಬೆಳೆಯಲಿಲ್ಲ. ಅಷ್ಟು ಬೆಳ್ಳಿ ಇದ್ದ ಊರಿಗೆ ಬೆಳ್ಳಿಯ ಕಸುಬು ಬರಲು ಯಾಕೆ ಇಷ್ಟು ತಡವಾಯಿತು? ಆಮೇಲೆ ಅದು ಹತ್ತೇ ವರ್ಷದಲ್ಲಿ ಹೇಗೆ ಬೇರು ಬಿಟ್ಟಿತು? ಮೆಕ್ಸಿಕೋದ ಬೆಳ್ಳಿಯನ್ನು ಅರ್ಥ ಮಾಡಿಕೊಳ್ಳಲು ಈ ಎರಡು ಪ್ರಶ್ನೆ ಸಾಕು ಅಂತ ನನಗನಿಸುತ್ತದೆ.

ದೇವರು ಬಿಟ್ಟುಹೋದದ್ದು

ಸ್ಪೇನಿನವರು ಬರುವ ಮೊದಲು ನಡು ಮೆಕ್ಸಿಕೋ ಆಳುತ್ತಿದ್ದ ಆಸ್ಟೆಕರ ಭಾಷೆ ನಾವಾಟ್ಲ್. ಇವತ್ತಿಗೂ ಮೆಕ್ಸಿಕೋದಲ್ಲಿ ಹದಿನೈದು ಲಕ್ಷಕ್ಕಿಂತ ಹೆಚ್ಚು ಜನ ಅದನ್ನು ಮಾತಾಡುತ್ತಾರೆ. ಆ ಭಾಷೆಯಲ್ಲಿ ಬಂಗಾರಕ್ಕೂ ಬೆಳ್ಳಿಗೂ ಒಂದೇ ಮೂಲ ಪದ: ತೆಯೊಕ್ವಿತ್ಲಾತ್ಲ್. ಬಿಡಿಸಿ ಹೇಳಿದರೆ ‘ದೇವರ ಮಲ’. ಹಳದಿಯಾಗಿದ್ದರೆ ಬಂಗಾರ, ಬಿಳಿಯಾಗಿದ್ದರೆ ಬೆಳ್ಳಿ. ಕೇಳಿದಾಗ ವಿಚಿತ್ರ ಅನ್ನಿಸುತ್ತದೆ. ಆದರೆ ಆ ಪದದಲ್ಲಿ ಹೇಸಿಗೆ ಇಲ್ಲ. ದೇವರ ಮೈಯಿಂದ ಬಂದದ್ದು, ನೆಲದಲ್ಲಿ ಬಿಟ್ಟುಹೋದದ್ದು ಎಂಬ ಭಾವ ಅದು. ಅಕ್ಕಸಾಲಿಗರಿಗೆ ಒಬ್ಬ ಕುಲದೇವರೂ ಇದ್ದ. ಅವನ ಹೆಸರು ಶೀಪೆ ತೊತೆಕ್. ಹಳೆ ಚರ್ಮ ಕಳಚಿ ಹೊಸದಾಗುವ, ಮೊಳಕೆ ಒಡೆಯುವ ಕಾಲದ ದೇವರು.

ಲೋಹದ ಕೆಲಸ ಆ ನಾಡಿಗೆ ತಡವಾಗಿ ಬಂತು. ಕ್ರಿ.ಶ. 7ನೇ ಶತಮಾನದ ಸುಮಾರಿಗೆ ಪಶ್ಚಿಮ ಕರಾವಳಿಯಲ್ಲಿ ಅದು ಕಾಣಿಸಿಕೊಳ್ಳುತ್ತದೆ. ದಕ್ಷಿಣ ಅಮೆರಿಕದಿಂದ ಸಮುದ್ರದ ದಾರಿಯಲ್ಲಿ ಬಂದಿರಬೇಕು ಅನ್ನುವುದು ವಿದ್ವಾಂಸರ ಲೆಕ್ಕ. ಆಗ ಅಲ್ಲಿನವರಿಗೆ ಬಂಗಾರಕ್ಕಿಂತ ಹಸಿರು ಜೇಡ್ ಕಲ್ಲೇ ಜಾಸ್ತಿ ಅಮೂಲ್ಯ. ಆದರೂ ಕಲಿತ ಮೇಲೆ ಅವರು ಎಲ್ಲಿಗೆ ಮುಟ್ಟಿದರು ನೋಡಿ. 1932ರಲ್ಲಿ ಅಲ್ಫೊನ್ಸೊ ಕಾಸೊ ಎಂಬ ಪುರಾತತ್ವಜ್ಞ ವಹಾಕ ರಾಜ್ಯದ ಮೊಂತೆ ಅಲ್ಬಾನ್ ಬೆಟ್ಟದಲ್ಲಿ 7ನೇ ನಂಬರಿನ ಸಮಾಧಿ ತೆರೆದರು. ಒಳಗೆ ಮಿಶ್ಟೆಕ್ ಜನರ ಒಡವೆಗಳ ರಾಶಿ ಇತ್ತು. ಬಂಗಾರ, ಬೆಳ್ಳಿ, ಜೇಡ್, ಮುತ್ತು, ಹವಳ ಎಲ್ಲ ಇದ್ದವು. ಕೂದಲೆಳೆಯಷ್ಟು ತೆಳ್ಳಗಿನ ಬಂಗಾರದ ಎಳೆಗಳಲ್ಲಿ ಮಾಡಿದ ಪದಕಗಳಿದ್ದವು.

ಆ ಎಳೆಗಳನ್ನು ತಂತಿ ಎಳೆದು ಬೆಸುಗೆ ಹಾಕಿದ್ದಾರೆ ಅಂತ ಕಾಣುತ್ತದೆ. ಆದರೆ ಅಲ್ಲ, ಅದು ಎರಕ. ಸ್ಪೇನಿನವರು ಬಂದ ಹೊಸತರಲ್ಲಿ ಸ್ಥಳೀಯರನ್ನು ಕೇಳಿ ಬರೆಸಿದ ಒಂದು ದಾಖಲೆಯಲ್ಲಿ ಈ ವಿಧಾನದ ವಿವರ ಇದೆ. ಜೇಡಿಮಣ್ಣಿಗೆ ಇದ್ದಿಲ ಪುಡಿ ಸೇರಿಸಿ ಒಳಗಿನ ಗಟ್ಟಿ ಮಾಡಿಕೊಳ್ಳಬೇಕು. ಜೇನುಮೇಣಕ್ಕೆ ಕೋಪಾಲ್ ಎಂಬ ಮರದ ಅಂಟು ಬೆರೆಸಿದರೆ ಅದು ಬಿಗಿಯಾಗುತ್ತದೆ. ಅದನ್ನು ತೆಳ್ಳಗೆ ಲಟ್ಟಿಸಿ, ಎಳೆ ತೆಗೆದು, ಗಟ್ಟಿಯ ಮೇಲೆ ಚಿತ್ತಾರ ಕೂರಿಸಬೇಕು. ಮೇಲೆ ಮತ್ತೆ ಇದ್ದಿಲು, ಮಣ್ಣು. ಬೆಂಕಿಗಿಟ್ಟರೆ ಮೇಣ ಕರಗಿ ಹರಿದುಹೋಗುತ್ತದೆ. ಅದು ಬಿಟ್ಟ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ಮೇಣದಲ್ಲಿ ಮಾಡಿದ ಎಳೆ ಲೋಹದ ಎಳೆಯಾಗುತ್ತದೆ. ಅಚ್ಚು ಒಡೆದರೆ ಒಡವೆ ಹೊರಗೆ ಬರುತ್ತದೆ, ಅಚ್ಚು ಮಣ್ಣುಪಾಲು. ಒಂದು ಅಚ್ಚಿಗೆ ಒಂದೇ ಒಡವೆ. ನಮ್ಮ ಪಂಚಲೋಹದ ವಿಗ್ರಹಗಳಿಗೂ ಇದೇ ಉಪಾಯ. ಎರಡು ದೂರದ ನಾಡಿನವರು ಒಬ್ಬರನ್ನೊಬ್ಬರು ನೋಡದೆ ಇದೇ ದಾರಿ ಹಿಡಿದಿದ್ದಾರೆ.

1521ರಲ್ಲಿ ಆಸ್ಟೆಕರ ರಾಜಧಾನಿ ಬಿತ್ತು. ಕೈಗೆ ಸಿಕ್ಕ ಒಡವೆಗಳನ್ನು ಸ್ಪೇನಿನವರು ಕರಗಿಸಿ ಗಟ್ಟಿ ಮಾಡಿದರು. ತೂಕ ಮಾಡಲು, ಹಂಚಿಕೊಳ್ಳಲು ಅದೇ ಸುಲಭ. ಕಲೆಯ ದಾರ ಅಲ್ಲಿ ಕಡಿಯಿತು. ಮೊಂತೆ ಅಲ್ಬಾನಿನ ರಾಶಿ ಉಳಿದದ್ದು ಯಾರ ಕಣ್ಣಿಗೂ ಬೀಳದೆ ಮಣ್ಣಲ್ಲಿ ಇದ್ದ ಕಾರಣಕ್ಕೆ.

ಬೆಟ್ಟದ ಕೆಳಗೆ ಪಾದರಸ

ತಾಸ್ಕೊ ಇರುವುದು ಗೆರೆರೊ ರಾಜ್ಯದಲ್ಲಿ, ಮೆಕ್ಸಿಕೋ ಸಿಟಿಯಿಂದ ನೈಋತ್ಯಕ್ಕೆ ಸುಮಾರು 170 ಕಿ.ಮೀ. ದೂರದಲ್ಲಿ. ಊರಿಗೆ ಊರೇ ಬೆಟ್ಟಕ್ಕೆ ಅಂಟಿಕೊಂಡಿದೆ. ಬಿಳಿ ಗೋಡೆ, ಕೆಂಪು ಹೆಂಚು, ಕಲ್ಲು ಹಾಸಿದ ಕಡಿದಾದ ಓಣಿಗಳು. ಹೊಸ ಪ್ರಪಂಚದಲ್ಲಿ ಸ್ಪೇನಿನವರು ಮೊದಮೊದಲು ಗಣಿ ತೋಡಿದ ಜಾಗಗಳಲ್ಲಿ ಇದೂ ಒಂದು.

ಕಲ್ಲಿನಿಂದ ಬೆಳ್ಳಿ ಬಿಡಿಸುವುದು ಸುಲಭವಲ್ಲ. ಒಳ್ಳೆ ಅದಿರಾದರೆ ಕುಲುಮೆಯಲ್ಲಿ ಕರಗಿಸಿ ತೆಗೆಯಬಹುದು. ಬೆಳ್ಳಿ ಕಡಿಮೆ ಇರುವ ಅದಿರಿಗೆ ಸೌದೆಯ ಖರ್ಚೂ ಹುಟ್ಟುವುದಿಲ್ಲ. 1554ರಲ್ಲಿ ಪಚೂಕಾ ಎಂಬ ಗಣಿ ಊರಲ್ಲಿ ಬಾರ್ತೊಲೊಮೆ ದೆ ಮೆದಿನಾ ಇದಕ್ಕೆ ಒಂದು ದಾರಿ ತೋರಿಸಿದ. ಅದಿರನ್ನು ನುಣ್ಣಗೆ ಅರೆದು ನೀರು ಬೆರೆಸಿ ಕಲ್ಲು ಹಾಸಿದ ಅಂಗಳದಲ್ಲಿ ಹರಡಬೇಕು. ಅದಕ್ಕೆ ಉಪ್ಪು, ತಾಮ್ರದ ಲವಣ, ಪಾದರಸ ಸೇರಿಸಬೇಕು. ಆಮೇಲೆ ನಮ್ಮ ಕಣದಲ್ಲಿ ಎತ್ತು ತುಳಿಸಿದ ಹಾಗೆ ಹೇಸರಗತ್ತೆಗಳಿಂದ ವಾರಗಟ್ಟಲೆ ತುಳಿಸಬೇಕು. ಬೆಳ್ಳಿ ನಿಧಾನವಾಗಿ ಪಾದರಸವನ್ನು ಕೂಡಿಕೊಳ್ಳುತ್ತದೆ. ಕೆಸರು ತೊಳೆದು, ಉಳಿದ ಮುದ್ದೆಯನ್ನು ಕಾಯಿಸಿದರೆ ಪಾದರಸ ಆವಿಯಾಗಿ ಹೋಗಿ ಬೆಳ್ಳಿ ಉಳಿಯುತ್ತದೆ. ಆ ಆವಿ ಕೆಲಸಗಾರರ ಮೈಗೂ ಹೋಗುತ್ತಿತ್ತು, ಹೊಳೆಗೂ ಸೇರುತ್ತಿತ್ತು. ಮೂರು ಶತಮಾನಕ್ಕೂ ಹೆಚ್ಚು ಕಾಲ ಮೆಕ್ಸಿಕೋದ ಬೆಳ್ಳಿ ಹೆಚ್ಚಾಗಿ ಹೀಗೆಯೇ ಬಂತು.

ಇಲ್ಲಿ ಒಂದು ಲೆಕ್ಕ ಗಮನಿಸಿ. ಪಾದರಸದ ಮಾರಾಟ ಪೂರ್ತಿ ರಾಜನ ಕೈಯಲ್ಲಿತ್ತು. ಯಾವ ಗಣಿ ಎಷ್ಟು ಪಾದರಸ ಕೊಂಡಿತು ಅಂತ ನೋಡಿದರೆ ಎಷ್ಟು ಬೆಳ್ಳಿ ಬಂದಿರಬೇಕು ಅನ್ನುವುದು ಗೊತ್ತಾಗುತ್ತಿತ್ತು. ಬಂದ ಬೆಳ್ಳಿಯಲ್ಲಿ ಮೊದಮೊದಲು ಐದನೇ ಒಂದು ಪಾಲು ರಾಜನಿಗೆ. ತೆರಿಗೆ ಕಟ್ಟಿ ಮುದ್ರೆ ಹಾಕಿಸಿದ ಮೇಲೆಯೇ ಬೆಳ್ಳಿ ಮುಂದಕ್ಕೆ ಹೋಗಬೇಕು. ಬೆಳ್ಳಿ ಕೆಲಸದವರಿಗೆ ರಾಜಧಾನಿಯಲ್ಲಿ ಸಂಘವಿತ್ತು, ಅದಕ್ಕೆ ಬಿಗಿಯಾದ ಕಟ್ಟಳೆಗಳಿದ್ದವು. ಅವರ ಅಂಗಡಿಗಳು ಸಾಲಾಗಿದ್ದ ಬೀದಿಗೆ ‘ಪ್ಲಾತೆರೋಸ್’, ಅಂದರೆ ಬೆಳ್ಳಿ ಕೆಲಸದವರ ಬೀದಿ ಅಂತಲೇ ಹೆಸರು. ಇವತ್ತು ಅದು ಮಾದೆರೊ ಬೀದಿ. ಚರ್ಚುಗಳ ದೀಪಗುಚ್ಛ, ಶಿಲುಬೆ, ಶ್ರೀಮಂತರ ತಟ್ಟೆ ಬಟ್ಟಲು ಎಲ್ಲ ಅಲ್ಲಿ ಆಗುತ್ತಿದ್ದವು.

ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಗಣಿಯ ಊರಿಗೆ ಉಳಿದದ್ದು ಕಲ್ಲು, ಕೂಲಿ, ಪಾದರಸದ ಹೊಗೆ. ಬೆಳ್ಳಿ ಗಟ್ಟಿಯಾದ ಕೂಡಲೇ ಊರು ಬಿಟ್ಟು ಹೊರಟುಬಿಡುತ್ತಿತ್ತು.

ಎಲ್ಲಿಗೆ ಅಂದರೆ, ಬಹುಪಾಲು ನಾಣ್ಯವಾಗಿ ಜಗತ್ತಿನ ತುಂಬ. ಮೆಕ್ಸಿಕೋದಲ್ಲಿ ಟಂಕಿಸಿದ ಎಂಟು ರಿಯಾಲಿನ ಬೆಳ್ಳಿ ನಾಣ್ಯ ಒಂದು ಕಾಲಕ್ಕೆ ಎಲ್ಲ ಬಂದರುಗಳಲ್ಲೂ ನಡೆಯುತ್ತಿತ್ತು. 1565ರಿಂದ 1815ರವರೆಗೆ ಆಕಾಪುಲ್ಕೊ ಬಂದರಿನಿಂದ ಮನಿಲಾಕ್ಕೆ ಹಡಗುಗಳು ಬೆಳ್ಳಿ ಹೊತ್ತು ಹೋದವು, ಚೀನಾದ ರೇಷ್ಮೆ ಪಿಂಗಾಣಿ ಹೊತ್ತು ಬಂದವು. ಇನ್ನೊಂದು ದಾರಿ ಸ್ಪೇನ್, ಪೋರ್ಚುಗಲ್ ಮೂಲಕ ನಮ್ಮ ಕಡೆಗೆ. ಗೋವಾಕ್ಕೂ ಸೂರತ್ತಿಗೂ ಬಂದ ರಿಯಾಲುಗಳಿಂದ ಯುರೋಪಿನವರು ಮೆಣಸು, ಬಟ್ಟೆ ಕೊಂಡರು. ಸೂರತ್ತಿಗೆ ಬಂದ ಎಷ್ಟೋ ಬೆಳ್ಳಿ ಕರಗಿ ಮೊಘಲರ ರೂಪಾಯಿಯಾಯಿತು.

ಊರಲ್ಲಿ ಉಳಿದ ದೊಡ್ಡ ಗುರುತು ಒಂದೇ. 18ನೇ ಶತಮಾನದಲ್ಲಿ ಹೊಸೆ ದೆ ಲಾ ಬೊರ್ದಾ ಎಂಬ ಗಣಿ ಧಣಿಗೆ ಇಲ್ಲಿ ದೊಡ್ಡ ಬೆಳ್ಳಿ ಎಳೆ ಸಿಕ್ಕಿತು. ಅವನು 1751ರಿಂದ 1758ರ ಒಳಗೆ ಸಾಂತಾ ಪ್ರಿಸ್ಕಾ ಚರ್ಚು ಕಟ್ಟಿಸಿದ. ಕೆಂಗಲ್ಲಿನ ಜೋಡಿ ಗೋಪುರ, ಒಳಗೆ ನೆಲದಿಂದ ಸೂರಿನವರೆಗೆ ಬಂಗಾರದ ರೇಕಿನ ಕೆತ್ತನೆ. ‘ದೇವರು ಬೊರ್ದಾನಿಗೆ ಕೊಡುತ್ತಾನೆ, ಬೊರ್ದಾ ದೇವರಿಗೆ ಕೊಡುತ್ತಾನೆ’ ಅಂತ ಅಲ್ಲಿ ಮಾತೇ ಇದೆ. ಅವನ ನಂತರ ಗಣಿ ಸೊರಗಿತು. ಸ್ವಾತಂತ್ರ್ಯದ ಹೋರಾಟ, ಆಮೇಲೆ ಕ್ರಾಂತಿ, ಊರು ಸುಮ್ಮನೆ ನಿದ್ದೆಗೆ ಜಾರಿತು.

ಇಗ್ವಾಲದಿಂದ ಬಂದ ಕೈಗಳು

1920ರ ದಶಕದ ಕೊನೆಗೆ ಮೆಕ್ಸಿಕೋ ಸಿಟಿಯಿಂದ ಆಕಾಪುಲ್ಕೊಗೆ ಕಾರು ಓಡಾಡುವ ರಸ್ತೆಯಾಯಿತು. ಅದು ತಾಸ್ಕೊ ಮೇಲೆಯೇ ಹಾದುಹೋಯಿತು. ಅದೇ ಹೊತ್ತಿಗೆ, 1929ರಲ್ಲಿ, ವಿಲಿಯಂ ಸ್ಪ್ರಾಟ್ಲಿಂಗ್ ಎಂಬ ಅಮೆರಿಕನ್ ಇಲ್ಲಿಗೆ ಬಂದು ನೆಲೆಸಿದರು. ಅವರು ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದವರು. ಚಿತ್ರಕಾರ ದಿಯೆಗೊ ರಿವೇರಾ ಅವರ ಗೆಳೆಯ. ಕ್ವೆರ್ನವಾಕಾದ ಅರಮನೆಯ ಗೋಡೆಗೆ ರಿವೇರಾ ಚಿತ್ರ ಬರೆಯುವ ಕೆಲಸವನ್ನು ಸ್ಪ್ರಾಟ್ಲಿಂಗ್ ಹೊಂದಿಸಿಕೊಟ್ಟರು. ಅದರಲ್ಲಿ ಬಂದ ಹಣದಿಂದ ತಾಸ್ಕೊದಲ್ಲಿ ಮನೆ ಕೊಂಡರು.

ಆ ಚಿತ್ರಗಳಿಗೆ ಹಣ ಕೊಟ್ಟವರು ಅಮೆರಿಕದ ರಾಯಭಾರಿ ಡ್ವೈಟ್ ಮಾರೊ. ಇಷ್ಟು ಶತಮಾನ ಈ ಊರಿಂದ ಬೆಳ್ಳಿ ಹೋಯಿತು, ಊರಿಗೆ ಏನೂ ಉಳಿಯಲಿಲ್ಲವಲ್ಲ ಎಂದು ಮಾರೊ ಹೇಳಿದ್ದು ಸ್ಪ್ರಾಟ್ಲಿಂಗ್ ಅವರ ಮನಸ್ಸಿಗೆ ನಾಟಿತಂತೆ. 1931ರಲ್ಲಿ ಅವರು ‘ತಾಯೆರ್ ದೆ ಲಾಸ್ ದೆಲಿಸಿಯಾಸ್’ ಎಂಬ ಕಾರ್ಯಾಗಾರ ತೆರೆದರು.

ಈ ಕಥೆ ಹೇಳುವಾಗ ಸ್ಪ್ರಾಟ್ಲಿಂಗ್ ಅವರನ್ನು ‘ಮೆಕ್ಸಿಕೋ ಬೆಳ್ಳಿಯ ತಂದೆ’ ಅಂತ ಕರೆಯುವುದು ವಾಡಿಕೆ. ನನಗೆ ಆ ಬಿರುದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅವರು ವಿನ್ಯಾಸ ಬರೆಯುತ್ತಿದ್ದರು. ಸುತ್ತಿಗೆ ಹಿಡಿದವರು ಬೇರೆ. ಪಕ್ಕದ ಇಗ್ವಾಲ ಪಟ್ಟಣದಲ್ಲಿ ಬಂಗಾರದ ಕೆಲಸದ ಹಳೇ ಪರಂಪರೆ ಇತ್ತು. ಅಲ್ಲಿಂದ ಆರ್ತೆಮಿಯೊ ನವರ್ರೆತೆ ಮತ್ತಿತರ ಅಕ್ಕಸಾಲಿಗರನ್ನು ಕರೆತಂದ ಮೇಲೆಯೇ ಕಾಗದದ ಗೆರೆ ಬೆಳ್ಳಿಯಾದದ್ದು. ಊರಿನ ಹುಡುಗರು ಅವರ ಪಕ್ಕ ಕೂತು ಕಲಿತರು. ಮೊದಲು ಗುಡಿಸುವುದು, ಒಪ್ಪ ಹಾಕುವುದು, ಆಮೇಲೆ ಗರಗಸ, ಆಮೇಲೆ ಬೆಸುಗೆ. ಬೆಳ್ಳಿ ತಾಸ್ಕೊಗೆ ಬಂದದ್ದು ಈ ಕಲಿಕೆಯಿಂದ. ಗಣಿ ಕೊಡದೇ ಇದ್ದದ್ದನ್ನು ಕಾರ್ಯಾಗಾರ ಕೊಟ್ಟಿತು.

ಸ್ಪ್ರಾಟ್ಲಿಂಗ್ ಅವರ ದೊಡ್ಡ ಕೊಡುಗೆ ಇನ್ನೊಂದು ಕಡೆ ಇದೆ. ಆಗ ಪ್ರವಾಸಿಗಳಿಗೆ ಮಾರುತ್ತಿದ್ದ ಒಡವೆಗಳಲ್ಲಿ ಯುರೋಪಿನ ನಕಲು ಜಾಸ್ತಿ ಇತ್ತು. ಅವರು ಹಳೆಯ ಮಣ್ಣಿನ ಮುದ್ರೆಗಳನ್ನು, ಕಲ್ಲಿನ ಕೆತ್ತನೆಗಳನ್ನು ನೋಡಿ ಕಲಿತರು. ಹಾವು, ಜಾಗ್ವಾರ್, ಹಗ್ಗದ ಹೊಸೆ, ದುಂಡು ಗುಂಡು. ಅವನ್ನು ಸರಳ ಮಾಡಿ, ದಪ್ಪ ಬೆಳ್ಳಿಯಲ್ಲಿ, ದೊಡ್ಡ ಆಕಾರದಲ್ಲಿ ತಂದರು. ಬೆಳ್ಳಿಗೆ ಸ್ಥಳೀಯ ಮರ, ಅಮೆಥಿಸ್ಟ್, ಆಮೆಚಿಪ್ಪು, ಕರಿಗಾಜಿನಂಥ ಅಬ್ಸಿಡಿಯನ್ ಕಲ್ಲು ಜೋಡಿಸಿದರು. ಹೊರಗಿನವರೊಬ್ಬರು ‘ಮೆಕ್ಸಿಕನ್’ ಅನ್ನುವುದು ಹೇಗಿರಬೇಕು ಎಂದು ತೀರ್ಮಾನಿಸಿದರಲ್ಲ ಎಂಬ ಆಕ್ಷೇಪ ಇದೆ. ಅದು ನ್ಯಾಯವಾದ ಆಕ್ಷೇಪ. ಆದರೆ ಅವರ ಹತ್ತಿರ ಕಲಿತವರು ಅಲ್ಲೇ ನಿಲ್ಲಲಿಲ್ಲ. ನನಗೆ ಅದೇ ಮುಖ್ಯ.

ಹತ್ತು ವರ್ಷದೊಳಗೆ ಒಬ್ಬೊಬ್ಬರೇ ಹೊರಗೆ ಬಂದು ಸ್ವಂತ ಅಂಗಡಿ ಹಾಕಿದರು. 1939ರಲ್ಲಿ ಎಕ್ತೊರ್ ಆಗಿಲಾರ್ ‘ತಾಯೆರ್ ಬೊರ್ದಾ’ ಶುರು ಮಾಡಿದರು. ಅವರ ಬೆಳ್ಳಿಯಲ್ಲಿ ಶುದ್ಧತೆ ಹೇಳುವ 940 ಅಂಕಿ ಕಾಣುತ್ತದೆ. ಕಾಸ್ತಿಯೊ ಅಣ್ಣತಮ್ಮಂದಿರು ‘ಲೋಸ್ ಕಾಸ್ತಿಯೊ’ ಕಟ್ಟಿದರು. ಆಂತೊನಿಯೊ ಪಿನೆದಾ ಇನ್ನೂ ಮೆತ್ತನೆಯ ಬೆಳ್ಳಿ, 970 ಮತ್ತು 980, ಹಿಡಿದು ಕಲ್ಲುಗಳನ್ನು ಲೋಹದೊಳಗೆ ಹುದುಗಿಸಿದ ರೀತಿ ನೋಡಿದರೆ ಇದು ಒಡವೆಯೋ ಶಿಲ್ಪವೋ ಅನ್ನಿಸುತ್ತದೆ. ಅವರು 2009ರಲ್ಲಿ ತೀರಿಕೊಂಡರು. ಅದರ ಹಿಂದಿನ ವರ್ಷವಷ್ಟೇ ಲಾಸ್ ಏಂಜಲೀಸಿನ ಫೌಲರ್ ವಸ್ತುಸಂಗ್ರಹಾಲಯದಲ್ಲಿ ಅವರ ಕೆಲಸದ ದೊಡ್ಡ ಪ್ರದರ್ಶನ ನಡೆದಿತ್ತು. ‘ಮಾರ್ಗೊ ದೆ ತಾಸ್ಕೊ’ ಎಂಬ ಮುದ್ರೆಯ ಮಾರ್ಗೊ ವಾನ್ ವೂರೀಸ್ ಬೆಳ್ಳಿಯ ಮೇಲೆ ಬಣ್ಣದ ಎನಾಮಲ್ ತುಂಬಿದರು. ಮೀನಿನ ಹುರುಪೆ, ಹಾವಿನ ಮೈ ಒಂದೊಂದು ತುಣುಕಾಗಿ ಬಾಗುವ ಅವರ ಸರಗಳನ್ನು ಒಮ್ಮೆ ಚಿತ್ರದಲ್ಲಾದರೂ ನೋಡಬೇಕು.

ಎರಡನೇ ಮಹಾಯುದ್ಧ ಇವರಿಗೆಲ್ಲ ಅನಿರೀಕ್ಷಿತ ಕಾಲ ತಂದಿತು. ಯುರೋಪಿನಿಂದ ಅಮೆರಿಕಕ್ಕೆ ಬರುತ್ತಿದ್ದ ಒಡವೆ ನಿಂತಿತು. ಅಲ್ಲಿನ ದೊಡ್ಡ ಮಳಿಗೆಗಳು ತಾಸ್ಕೊ ಕಡೆ ತಿರುಗಿದವು. ಸ್ಪ್ರಾಟ್ಲಿಂಗ್ ಅವರ ಕಾರ್ಯಾಗಾರದಲ್ಲಿ ಕೆಲಸಗಾರರ ಸಂಖ್ಯೆ ನೂರಾರಕ್ಕೆ ಏರಿತು. ಬಂಡವಾಳಕ್ಕಾಗಿ ಅವರು ಕಂಪನಿಯ ಪಾಲು ಮಾರಿದರು. ಯುದ್ಧ ಮುಗಿಯುವ ಹೊತ್ತಿಗೆ ಬೇಡಿಕೆ ಕುಸಿಯಿತು, ಕಂಪನಿ ಕೈತಪ್ಪಿತು. ಅವರು ತಾಸ್ಕೊ ಎಲ್ ವಿಯೆಹೊ ಎಂಬಲ್ಲಿನ ತೋಟಕ್ಕೆ ಹೋಗಿ ಕೆಲವೇ ಜನರ ಜೊತೆ ಮತ್ತೆ ಕೆಲಸ ಶುರು ಮಾಡಿದರು. 1967ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಅವರು ಕೂಡಿಸಿದ್ದ ಪ್ರಾಚೀನ ವಸ್ತುಗಳ ಸಂಗ್ರಹಾಲಯ ಸಾಂತಾ ಪ್ರಿಸ್ಕಾ ಚರ್ಚಿನ ಹಿಂದೆಯೇ ಇದೆ.

ಮೇಜಿನ ಮೇಲೆ ಆಗುವುದೇನು

ಅಪ್ಪಟ ಬೆಳ್ಳಿ ತುಂಬ ಮೆತ್ತಗೆ. ಉಂಗುರ ಮಾಡಿದರೆ ದಿನದ ಬಳಕೆಗೆ ಸೊಟ್ಟಗಾಗುತ್ತದೆ. ಅದಕ್ಕೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ತಾಮ್ರ ಸೇರಿಸುತ್ತಾರೆ. 925 ಅಂಕಿಯ ಅರ್ಥ ಅಷ್ಟೇ. 980 ಅಂದರೆ ತಾಮ್ರ ಬರೀ 20 ಪಾಲು. ಬಣ್ಣ ಇನ್ನೂ ಬಿಳಿ, ಕೈಗೆ ಇನ್ನೂ ಮೆತ್ತಗೆ, ಕೆಲಸ ಇನ್ನೂ ಎಚ್ಚರಿಕೆಯದು. ಹಾಗಾಗಿ ಜಾಸ್ತಿ ಅಂಕಿ ಅಂದರೆ ಜಾಸ್ತಿ ಒಳ್ಳೇ ಒಡವೆ ಅಂತ ಸುಮ್ನೆ ತಿಳಿಯಬಾರದು. ಬಾಗಿಲ ಚಿಲಕದ ಹಾಗೆ ಒತ್ತಡ ಬೀಳುವ ಕೊಂಡಿಗೆ 925ರ ಗಡಸೇ ಬೇಕು.

ಬೆಳ್ಳಿಯನ್ನು ಮೂಸೆಯಲ್ಲಿ ಕರಗಿಸಿ, ಗಟ್ಟಿ ಹೊಯ್ದು, ತಗಡು ಮಾಡುತ್ತಾರೆ. ಬಡಿದಂತೆಲ್ಲ ಬೆಳ್ಳಿ ಗಡುಸಾಗುತ್ತದೆ, ಬಿರುಕು ಬಿಡಲು ನೋಡುತ್ತದೆ. ಆಗ ಕಾಯಿಸಿ ಆರಿಸಿದರೆ ಮತ್ತೆ ಮೆದುವಾಗುತ್ತದೆ. ಬಡಿ, ಕಾಯಿಸು, ಬಡಿ. ಒಂದು ಬಟ್ಟಲಿಗೆ ಇದು ಹತ್ತಾರು ಸಲ ಆಗಬಹುದು. ಉಬ್ಬು ಚಿತ್ರ ಬೇಕಾದರೆ ತಗಡನ್ನು ಅರಗಿನಂಥ ಅಂಟಿನ ಹಾಸಿಗೆಯ ಮೇಲೆ ಕೂರಿಸಿ ಹಿಂದಿನಿಂದ ತಟ್ಟಿ ಉಬ್ಬಿಸುತ್ತಾರೆ, ತಿರುಗಿಸಿ ಮುಂದಿನಿಂದ ಗೆರೆ ತಿದ್ದುತ್ತಾರೆ. ಬೆಸುಗೆ ಹಾಕುವಾಗ ಬಿಳಿಗಾರ ಹಚ್ಚುತ್ತಾರೆ. ಈ ಕೆಲಸ ನಮ್ಮ ಅಕ್ಕಸಾಲಿಗರಿಗೆ ವಿವರಿಸುವ ಅಗತ್ಯವೇ ಇಲ್ಲ, ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ಕೊನೆಗೆ ಒಂದು ಹೆಜ್ಜೆ ಇದೆ, ಬಹಳ ಜನ ತಪ್ಪು ತಿಳಿಯುವುದು ಇದನ್ನೇ. ಗಂಧಕದ ದ್ರಾವಣದಲ್ಲಿ ಒಡವೆ ಅದ್ದಿ ಕಪ್ಪು ಮಾಡುತ್ತಾರೆ. ಆಮೇಲೆ ಉಬ್ಬಿದ ಜಾಗವನ್ನಷ್ಟೇ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಗುಳಿಯಲ್ಲಿ ಕಪ್ಪು ಉಳಿಯುತ್ತದೆ, ಚಿತ್ರಕ್ಕೆ ಆಳ ಬರುತ್ತದೆ. ಅದು ಕೊಳೆ ಅಲ್ಲ. ಬಿಸಿ ನೀರು, ಸೋಡಾ, ಅಲ್ಯೂಮಿನಿಯಂ ಹಾಳೆಯಿಂದ ಬೆಳ್ಳಿ ಬೆಳಗುವ ಉಪಾಯ ದೀಪಕ್ಕೋ ಲೋಟಕ್ಕೋ ಸರಿ. ಇಂಥ ಕಡಗಕ್ಕೆ ಮಾಡಿದರೆ ಕಲಾವಿದ ಬೇಕೆಂದೇ ಬಿಟ್ಟ ನೆರಳು ಹೋಗಿಬಿಡುತ್ತದೆ. ಮರ, ಕಲ್ಲು ಕೂರಿಸಿದ ಒಡವೆಯನ್ನಂತೂ ನೀರಲ್ಲಿ ನೆನೆಸಲೇಬಾರದು. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಾಸ್ತಿಯೊ ಮನೆತನದ ಒಂದು ವಿಶೇಷಕ್ಕೆ ‘ಮದುವೆಯಾದ ಲೋಹಗಳು’ ಅಂತ ಹೆಸರು. ಬೆಳ್ಳಿ, ತಾಮ್ರ, ಹಿತ್ತಾಳೆಯ ತುಣುಕುಗಳನ್ನು ಒಂದಕ್ಕೊಂದು ಹೊಂದುವ ಹಾಗೆ ಕೊಯ್ದು, ಬೆಸುಗೆ ಹಾಕಿ, ಒಂದೇ ಮಟ್ಟಕ್ಕೆ ಉಜ್ಜುತ್ತಾರೆ. ಕೈಯಾಡಿಸಿದರೆ ಸಂದು ಗೊತ್ತಾಗುವುದಿಲ್ಲ. ನಮ್ಮವರಿಗೆ ಬೀದರಿನ ಬಿದ್ರಿ ನೆನಪಾಗುತ್ತದೆ ಅಲ್ವಾ? ಆದರೆ ದಾರಿ ಬೇರೆ. ಬಿದ್ರಿಯಲ್ಲಿ ಸತು ತಾಮ್ರದ ಪಾತ್ರೆಯ ಮೇಲೆ ಗೀರು ಕೊರೆದು ಬೆಳ್ಳಿಯನ್ನು ಬಡಿದು ಕೂರಿಸುತ್ತಾರೆ, ಅಲ್ಲಿ ಬೆಸುಗೆ ಇಲ್ಲ. ಮೇಲೆ ಬೀದರ್ ಕೋಟೆಯ ಮಣ್ಣು ಹಚ್ಚಿದಾಗ ಪಾತ್ರೆ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ.

ತಾಸ್ಕೊ ಆಚೆಗೆ

ಮೆಕ್ಸಿಕೋದ ಬೆಳ್ಳಿ ಅಂದರೆ ತಾಸ್ಕೊ ಮಾತ್ರ ಅಲ್ಲ. ಹಳ್ಳಿಯ ಹೆಂಗಸರು ಹಾಕುವ ಒಡವೆಗಳ ಲೋಕವೇ ಬೇರೆ. ವಹಾಕದ ಯಲಾಲಗ್ ಊರಲ್ಲಿ ದೊಡ್ಡ ಶಿಲುಬೆಯ ಕೆಳಗೆ ಪುಟ್ಟ ಶಿಲುಬೆಗಳು ತೂಗಾಡುವ ಪದಕ ಇದೆ. ಮಿಚುವಾಕಾನಿನ ಸರೋವರದ ದಡದಲ್ಲಿ ಪುರೆಪೆಚಾ ಹೆಂಗಸರ ಸರದಲ್ಲಿ ಬೆಳ್ಳಿಯ ಮೀನುಗಳು, ನಡುವೆ ಕೆಂಪು ಮಣಿ. ಮಸಾವಾ ಜನರ ಓಲೆಗಳಲ್ಲಿ ಹೂವು, ಪಾರಿವಾಳ. ತೆವಾಂತೆಪೆಕ್ ಕಡೆ ಬಂಗಾರದ ನಾಣ್ಯ ಪೋಣಿಸಿದ ಸರ, ನಮ್ಮ ಕಾಸಿನ ಸರದ ಹಾಗೆ ಕೂಡಿಟ್ಟ ಹಣವೂ ಹೌದು, ಒಡವೆಯೂ ಹೌದು. ಚರ್ಚುಗಳಲ್ಲಿ ಬೆಳ್ಳಿ ಬಣ್ಣದ ಪುಟ್ಟ ಕಣ್ಣು, ಕಾಲು, ಎದೆಯ ತಗಡುಗಳನ್ನು ಸಂತರಿಗೆ ಒಪ್ಪಿಸುತ್ತಾರೆ. ಹೆಸರು ‘ಮಿಲಾಗ್ರೋ’, ಪವಾಡ ಎಂದರ್ಥ. ಹರಕೆ ಹೊತ್ತು ದೇವರಿಗೆ ಬೆಳ್ಳಿ ಕಣ್ಣು ಹಾಕಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೆಳ್ಳಿಯಲ್ಲದ ಕರಕುಶಲಗಳಲ್ಲಿ ತಾಮ್ರದ ಸಾಂತಾ ಕ್ಲಾರಾ, ಪುಯೆಬ್ಲಾದ ತಲವೆರಾ ಪಿಂಗಾಣಿ, ವಹಾಕದ ಕರಿಮಣ್ಣಿನ ಮಡಕೆ ಎಲ್ಲಕ್ಕೂ ಒಂದೊಂದು ಲೇಖನ ಬೇಕು. ಒಂದನ್ನು ಮಾತ್ರ ಇಲ್ಲಿ ಹೇಳದೆ ಇರಲಾರೆ. ಅದು ತಾಸ್ಕೊ ಇರುವ ಗೆರೆರೊ ರಾಜ್ಯದ್ದೇ, ಒಲಿನಲಾ ಊರಿನ ಮೆರುಗಿನ ಪೆಟ್ಟಿಗೆ. ಲಿನಾಲೋ ಎಂಬ ಸುವಾಸನೆಯ ಮರದಿಂದ ಪೆಟ್ಟಿಗೆ ಮಾಡುತ್ತಾರೆ. ಚಿಯಾ ಬೀಜದ ಎಣ್ಣೆಗೆ ಕಲ್ಲಿನ ಪುಡಿ, ಬಣ್ಣ ಸೇರಿಸಿ ಒಂದು ಪದರ ಬಳಿದು, ಒಣಗಿದ ಮೇಲೆ ಬೇರೆ ಬಣ್ಣದ ಇನ್ನೊಂದು ಪದರ ಬಳಿಯುತ್ತಾರೆ. ಮೇಲಿನ ಪದರ ಹಸಿಯಿರುವಾಗಲೇ ಮುಳ್ಳಿನಿಂದ ಗೀರಿ ತೆಗೆದರೆ ಕೆಳಗಿನ ಬಣ್ಣದಲ್ಲಿ ಮೊಲ, ಜಿಂಕೆ, ಹೂವು ಮೂಡುತ್ತವೆ. ಪೆಟ್ಟಿಗೆ ಎಷ್ಟೋ ವರ್ಷದ ಮೇಲೆ ತೆರೆದರೂ ಘಮ ಇರುತ್ತದೆ.

ಆ ಲಿನಾಲೋ ಮರ ಬೆಂಗಳೂರಿಗೆ ಹೊಸತಲ್ಲ. 20ನೇ ಶತಮಾನದ ಆರಂಭದಲ್ಲಿ ಮೆಕ್ಸಿಕೋದಿಂದ ಬಂದ ಇದೇ ಬರ್ಸೆರಾ ಕುಲದ ಮರಗಳನ್ನು ಮೈಸೂರು ಸೀಮೆಯಲ್ಲಿ ಸುಗಂಧದ ಎಣ್ಣೆಗಾಗಿ ಬೆಳೆಸಿದರು. ಕನಕಪುರ ರಸ್ತೆಯ ತಾತಗುಣಿಯಲ್ಲಿ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ದೇವಿಕಾ ರಾಣಿ ದಂಪತಿಯ ತೋಟದಲ್ಲಿ ಇದ್ದದ್ದು ಈ ಮರಗಳೇ. ಚಿಯಾ ಬೀಜವನ್ನೂ ಈಗ ಮೈಸೂರಿನ ಸುತ್ತ ರೈತರು ಬೆಳೆಯುತ್ತಿದ್ದಾರೆ. ಒಲಿನಲಾದ ಪೆಟ್ಟಿಗೆಗೆ ಬೇಕಾದ ಮರ, ಎಣ್ಣೆ ಎರಡೂ ನಮ್ಮ ನೆಲದಲ್ಲಿ ಬೇರು ಬಿಟ್ಟಿವೆ. ಪೆಟ್ಟಿಗೆ ಮಾಡುವ ಕೈ ಮಾತ್ರ ಒಲಿನಲಾದಲ್ಲೇ ಇದೆ.

ಒಳಮೈಯ ಓದು

ಈಗ ಕಡಗದ ಒಳಗಿನ ಮುದ್ರೆಗೆ ಬರೋಣ. 1940ರ ದಶಕದ ಕೊನೆಯಿಂದ ಸರ್ಕಾರ ಹದ್ದಿನ ಮುದ್ರೆ ಕಡ್ಡಾಯ ಮಾಡಿತು. ಹದ್ದಿನ ಎದೆಯಲ್ಲಿ ಒಂದು ಸಂಖ್ಯೆ ಇರುತ್ತಿತ್ತು. ಹದ್ದು ಕಂಡರೆ ಆ ಒಡವೆ ಹೆಚ್ಚುಕಡಿಮೆ ಮುಂದಿನ ಮೂರು ದಶಕದ್ದು ಅಂತ ಹೇಳಬಹುದು. 1970ರ ದಶಕದ ಕೊನೆಗೆ ಪದ್ಧತಿ ಬದಲಾಯಿತು. ಈಗ ಎರಡು ಅಕ್ಷರ, ಒಂದು ಸಂಖ್ಯೆ. ಮೊದಲ ಅಕ್ಷರ ಊರಿನದು, ತಾಸ್ಕೊ ಆದರೆ ‘ಟಿ’. ಎರಡನೆಯದು ಮಾಡಿದವರ ಹೆಸರಿನದು. ಸಂಖ್ಯೆ ನೋಂದಣಿಯ ಕ್ರಮದ್ದು. ಹದ್ದೂ ಇಲ್ಲ, ಅಕ್ಷರವೂ ಇಲ್ಲ, ಬರೀ ಊರು, ದೇಶದ ಹೆಸರು ಮತ್ತು ಕಾರ್ಯಾಗಾರದ ಗುರುತು ಇದ್ದರೆ 1930 ಮತ್ತು 40ರ ದಶಕದ್ದಿರಬಹುದು. ಮುದ್ರೆಯನ್ನೂ ನಕಲು ಮಾಡುವವರಿದ್ದಾರೆ. ಹಾಗಾಗಿ ಬೆಸುಗೆಯ ಅಂಚು, ಕೊಂಡಿಯ ಅಚ್ಚುಕಟ್ಟು, ತೂಕ ಎಲ್ಲ ಒಟ್ಟಿಗೆ ನೋಡಬೇಕು.

‘ಅಲ್ಪಾಕಾ’ ಎಂಬ ಪದ ಕಂಡರೆ ನಿಲ್ಲಿ. ಅದು ತಾಮ್ರ, ನಿಕ್ಕಲ್, ಸತುವಿನ ಬೆರಕೆ. ಬೆಳ್ಳಿ ಒಂದು ಚೂರೂ ಇಲ್ಲ. ನಮ್ಮ ಪೂಜಾ ಸಾಮಾನಿನ ಅಂಗಡಿಗಳಲ್ಲಿ ಜರ್ಮನ್ ಸಿಲ್ವರ್ ಅನ್ನುವುದೂ ಮೂಲದಲ್ಲಿ ಇದೇ. ಅಯಸ್ಕಾಂತ ಹಿಡಿದು ನೋಡುವ ಉಪಾಯ ಇಲ್ಲಿ ನಡೆಯುವುದಿಲ್ಲ. ಬೆಳ್ಳಿಯೂ ಅಂಟುವುದಿಲ್ಲ, ಅಲ್ಪಾಕಾವೂ ಸಾಮಾನ್ಯವಾಗಿ ಅಂಟುವುದಿಲ್ಲ. ಒರೆಗಲ್ಲು ಬಲ್ಲವರ ಹತ್ತಿರ ಹೋಗುವುದೇ ಸರಿ. ನಿಕ್ಕಲ್ ಮೈಗೆ ಒಗ್ಗದವರು ಇನ್ನೂ ಜಾಗ್ರತೆ ಇರಬೇಕು. ಅಲ್ಪಾಕಾದಲ್ಲೂ ಸುಂದರ ಕೆಲಸ ಮಾಡಿದ್ದಾರೆ. ಬೆಳ್ಳಿ ಅಂತ ಬೆಲೆ ಕೊಡಬಾರದು, ಅಷ್ಟೇ.

ಗಣಿ ನಿಂತ ಮೇಲೆ

ಇಂದಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಬೆಳ್ಳಿ ತೆಗೆಯುವ ದೇಶ ಮೆಕ್ಸಿಕೋ. ವರ್ಷಕ್ಕೆ ಸುಮಾರು 6,000 ಟನ್, ಜಗತ್ತಿನ ಉತ್ಪಾದನೆಯಲ್ಲಿ ಹತ್ತಿರ ಹತ್ತಿರ ಕಾಲು ಭಾಗ. ಅದರಲ್ಲಿ ದೊಡ್ಡ ಪಾಲು ಉತ್ತರದ ಸಕಾತೆಕಾಸ್ ರಾಜ್ಯದ್ದು. ತಾಸ್ಕೊದ ದೊಡ್ಡ ಗಣಿಯಲ್ಲಿ 2007ರ ಜುಲೈನಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು, ಕೆಲಸ ನಿಂತಿತು. ಈಗ ಊರಿನ ಅಕ್ಕಸಾಲಿಗರು ಬಳಸುವ ಬೆಳ್ಳಿ ಹೊರಗಿನಿಂದ ಬರುತ್ತದೆ. ನಾನೂರು ವರ್ಷ ಬೆಳ್ಳಿ ಹೊರಗೆ ಕಳಿಸಿದ ಊರು ಈಗ ಬೆಳ್ಳಿ ತರಿಸಿಕೊಂಡು ಒಡವೆ ಮಾಡುತ್ತಿದೆ.

ಕೆಲಸಗಾರರಿಗೆ ಈಗಿನ ದೊಡ್ಡ ಕಷ್ಟ ಗ್ರಾಂ ಲೆಕ್ಕ. ಪ್ರತಿ ಶನಿವಾರ ಊರಲ್ಲಿ ಬೆಳ್ಳಿ ಸಂತೆ ನಡೆಯುತ್ತದೆ, ಓಣಿಗಳ ತುಂಬ ಮಳಿಗೆ. ಸರ, ಓಲೆ, ಉಂಗುರ ಕಂತೆ ಕಂತೆಯಾಗಿ ತೂಕಕ್ಕೆ ಮಾರಾಟವಾಗುತ್ತವೆ. ಯಂತ್ರದಲ್ಲಿ ಸಾವಿರ ಸಾವಿರ ಎರಕ ಹೊಯ್ದ ಸಾಮಾನೂ, ಹೊರದೇಶದಿಂದ ಬಂದ ಸಾಮಾನೂ ಅದೇ ತಕ್ಕಡಿಗೆ ಬೀಳುತ್ತವೆ. ಒಂದು ವಾರ ಕೂತು ಬಡಿದ ಕಡಗಕ್ಕೂ ಗ್ರಾಂಗೆ ಎಷ್ಟು ಅಂತಲೇ ಕೇಳುತ್ತಾರೆ. ಬೆಳ್ಳಿಯ ಬೆಲೆ ಏರಿದಾಗ ಪೆಟ್ಟು ಬೀಳುವುದು ಸಣ್ಣ ಕಾರ್ಯಾಗಾರಗಳಿಗೆ. ಲೋಹಕ್ಕೇ ಹಣ ಹೋದರೆ ಕೈಕೆಲಸಕ್ಕೆ ಕೊಡಲು ಕೊಳ್ಳುವವರ ಹತ್ತಿರ ಏನೂ ಉಳಿಯುವುದಿಲ್ಲ.

ಆದರೂ ಕೆಲಸ ನಿಂತಿಲ್ಲ. ನವೆಂಬರ್ ಕೊನೆಗೆ ನಡೆಯುವ ರಾಷ್ಟ್ರೀಯ ಬೆಳ್ಳಿ ಜಾತ್ರೆಯಲ್ಲಿ ಒಳ್ಳೆಯ ಕೆಲಸಕ್ಕೆ ಬಹುಮಾನ ಕೊಡುತ್ತಾರೆ. ಆಂತೊನಿಯೊ ಕಾಸ್ತಿಯೊ ಅವರ ಮಗಳು ಎಮಿಲಿಯಾ ಕಾಸ್ತಿಯೊ ಪಿಂಗಾಣಿಯ ಮೇಲೆ ಬೆಳ್ಳಿ ಕೂರಿಸುವ ಕೆಲಸಕ್ಕೆ ಹೆಸರಾದರು. ಸ್ಪ್ರಾಟ್ಲಿಂಗ್ ಅವರ ತೋಟದ ಕಾರ್ಯಾಗಾರದಲ್ಲಿ ಅವರ ಹಳೆ ವಿನ್ಯಾಸಗಳನ್ನು ಅವರು ಹೋದ ಮೇಲೂ ಮಾಡುತ್ತಾ ಬಂದಿದ್ದಾರೆ. ಊರಿನ ಕಡಿದಾದ ಓಣಿಗಳಲ್ಲಿ ಹಳೆಯ ಬಿಳಿ ಫೋಕ್ಸ್‌ವ್ಯಾಗನ್ ಬೀಟಲ್ ಟ್ಯಾಕ್ಸಿಗಳು ಏರುತ್ತಾ ಇಳಿಯುತ್ತಾ ಇರುತ್ತವೆ. ಚೌಕದ ಅಂಗಡಿ ಸಾಲು ದಾಟಿ ಸ್ವಲ್ಪ ಮೇಲಕ್ಕೆ ಹತ್ತಿದರೆ ಮನೆಗಳ ಒಳಗಿಂದ ಸಣ್ಣ ಸುತ್ತಿಗೆಯ ಸದ್ದು ಕೇಳುತ್ತದೆ.